ಉಸ್ತಾದರ ಕಿವಿ

ಉರ್ದು ಕಾವ್ಯಲೋಕದಲ್ಲಿ 'ಇಸ್ಲಾಹ್' ಎಂಬ ಹಳೆಯ ಪದ್ಧತಿಯೊಂದಿದೆ. ಹೊಸದಾಗಿ ಬರೆಯುವವನು ತನ್ನ ಗಜಲನ್ನು ಉಸ್ತಾದರಿಗೆ ತೋರಿಸುತ್ತಾನೆ. ಅವರು ಒಂದು ಪದ ಹೊಡೆದುಹಾಕಿ, ಇನ್ನೊಂದರ ಜಾಗ ಬದಲಿಸಿ, ಹಾಳೆಯನ್ನು ಹಿಂತಿರುಗಿಸುತ್ತಾರೆ. ಯುವಕ ಇಕ್ಬಾಲ್ ತಮ್ಮ ಗಜಲುಗಳನ್ನು ಹೀಗೆಯೇ ಅಂಚೆಯ ಮೂಲಕ ದಾಗ್ ದೆಹ್ಲವಿಯವರಿಗೆ ಕಳಿಸುತ್ತಿದ್ದರು. ಸ್ವಲ್ಪ ಕಾಲದಲ್ಲೇ ದಾಗ್, ಇನ್ನು ತಿದ್ದುವುದಕ್ಕೆ ಹೆಚ್ಚೇನೂ ಉಳಿದಿಲ್ಲವೆಂದು ತಿಳಿಸಿದರಂತೆ. ಮುಂದೆ ಇಕ್ಬಾಲ್ ಬರೆದ ಕಾವ್ಯಕ್ಕೂ ದಾಗ್ ಅವರ ಪ್ರೇಮದ ಗಜಲಿಗೂ ಎಲ್ಲಿಯ ಹೋಲಿಕೆ! ಉಸ್ತಾದರು ಶಾಗಿರ್ದನಿಗೆ ತಮ್ಮ ದನಿಯನ್ನು ಕೊಡಲಿಲ್ಲ. ಅವನ ದನಿಯಲ್ಲಿದ್ದ ಕಸವನ್ನು ತೆಗೆದರು, ಅಷ್ಟೇ.

ಸಂಗೀತದಲ್ಲಿ ಹೊಸದೊಂದನ್ನು ಕಟ್ಟುವ ವಿದ್ಯೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಇಸ್ಲಾಹ್ ನೆನಪಾಗುತ್ತದೆ. ರಾಗ ಸಂಯೋಜನೆಯನ್ನು ಕಲಿಸಲು ಬರುತ್ತದೆಯೇ? ನಮ್ಮಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಅದು ಖುದಾ ಕೊಟ್ಟ ದೇಣಿಗೆ, ಕಲಿಸಿ ಬರುವಂಥದ್ದಲ್ಲ ಎನ್ನುವುದು ಒಂದು. ಪಠ್ಯಪುಸ್ತಕ ಮತ್ತು ಪರೀಕ್ಷೆಗಳಿದ್ದರೆ ಯಾರಿಗಾದರೂ ಏನನ್ನಾದರೂ ಕಲಿಸಬಹುದು ಎನ್ನುವುದು ಇನ್ನೊಂದು. ಒಬ್ಬ ಗುರು ಒಬ್ಬ ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಕಲಿಸುವ ತಾಲೀಮಿನ ಇತಿಹಾಸವನ್ನು ನೋಡಿದರೆ ಈ ಎರಡೂ ಅರೆಸತ್ಯಗಳೆಂದು ಗೊತ್ತಾಗುತ್ತದೆ.

ಮೊದಲಿಗೆ ಮಧ್ಯಪ್ರದೇಶದ ಮೈಹರ್ ಎಂಬ ಸಣ್ಣ ಊರಿನ ಕತೆ. ಅಲ್ಲಿ ರಾಜಾಶ್ರಯದಲ್ಲಿದ್ದ ಉಸ್ತಾದ್ ಅಲ್ಲಾವುದ್ದೀನ್ ಖಾನ್ ಸಾಹೇಬರು ಹೇಮಂತ್, ಹೇಮ್ ಬಿಹಾಗ್, ಮದನ್‌ಮಂಜರಿಯಂಥ ರಾಗಗಳನ್ನು ಸೃಷ್ಟಿಸಿದವರು. 'ಸಂಯೋಜನೆ' ಎಂಬ ಪಾಠವನ್ನು ಅವರು ಬೇರೆಯಾಗಿ ಕಲಿಸಲಿಲ್ಲ. ಹಿಂದೂಸ್ತಾನಿ ತಾಲೀಮಿನಲ್ಲಿ ಅಂಥದೊಂದು ಪ್ರತ್ಯೇಕ ಪಾಠವೇ ಇಲ್ಲ. ಬಂದಿಶ್ ಕಲಿಯಬೇಕು, ಗತ್ ಕಲಿಯಬೇಕು, ಒಂದೇ ಸ್ವರದ ಮೇಲೆ ಗಂಟೆಗಟ್ಟಲೆ ರಿಯಾಜ್ ಮಾಡಬೇಕು. ಹಳೆಯದು ಮೈಗೂಡಿದ ಮೇಲೆ ಹೊಸದು ತಾನಾಗಿ ಮೊಳೆಯಬೇಕು. ಇದು ನಂಬಿಕೆ.

ಮೊಳೆತದ್ದು ಏನು ಎಂದು ನೋಡಿ. 1938ರಲ್ಲಿ ಮೈಹರ್‌ಗೆ ಬಂದ ರವಿಶಂಕರ್ ಮುಂದೆ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಗೆ (1955) ಸಂಗೀತ ಕೊಟ್ಟರು. ಬಾಬಾ ಅವರ ಮಗ ಅಲಿ ಅಕ್ಬರ್ ಖಾನ್ ಅದೇ ನಿರ್ದೇಶಕರ 'ದೇವಿ'ಗೆ (1960) ಸಂಗೀತ ಕೊಟ್ಟರು, ಚಂದ್ರನಂದನ್ ಎಂಬ ರಾಗವನ್ನು ಕಟ್ಟಿದರು. 1947ರಲ್ಲಿ ಬಂದ ನಿಖಿಲ್ ಬ್ಯಾನರ್ಜಿಯವರ ಸಿತಾರ್ ರವಿಶಂಕರರ ಸಿತಾರಿನಂತಿಲ್ಲ. ಮನೆ ಒಂದೇ, ಉಸ್ತಾದರು ಒಬ್ಬರೇ. ನುಡಿಸುವ ದನಿಗಳು ಮಾತ್ರ ಬೇರೆ ಬೇರೆ. ಹತ್ತು ಜನರನ್ನು ಒಟ್ಟಿಗೆ ಕೂರಿಸಿ ಒಂದೇ ಪಾಠ ಹೇಳಿದ್ದರೆ ಇದು ಆಗುತ್ತಿತ್ತೇ? ಬಾಬಾ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿಸಿಕೊಂಡರು. ಯಾರ ಕೈಗೆ ಯಾವುದು ಒಗ್ಗುತ್ತದೆ ಎಂದು ನೋಡಿ ಪಾಠವನ್ನು ಬದಲಿಸಿದರು. ಆ ತಾಲೀಮಿನ ಅಸಲು ಸತ್ವ ಇಲ್ಲಿದೆ.

ಆದರೆ ಈ ಕೋಣೆಯನ್ನು ಹೊಗಳುತ್ತಾ ಅದರ ಕತ್ತಲನ್ನು ಮರೆಯುವುದು ನಮ್ಮ ಅಭ್ಯಾಸ. ಬಾಬಾ ಅವರ ಕೋಪ ಪ್ರಸಿದ್ಧವಾದದ್ದು. ಅಲಿ ಅಕ್ಬರರನ್ನು ಮರಕ್ಕೆ ಕಟ್ಟಿಹಾಕಿ ಶಿಕ್ಷಿಸಿದ ಸಂಗತಿಯನ್ನು ರವಿಶಂಕರ್ ಬರೆದಿದ್ದಾರೆ. ಇಂಥ ಕತೆಗಳನ್ನು ನಾವು ಕಣ್ಣರಳಿಸಿ ಹೇಳುತ್ತೇವೆ, ಹೊಡೆತದಿಂದಲೇ ವಿದ್ಯೆ ಬಂತೆಂಬಂತೆ. ಹೊಡೆಯುವ ಉಸ್ತಾದರು ಊರೂರಲ್ಲಿ ಇದ್ದರು. ಅಲಿ ಅಕ್ಬರ್ ಖಾನ್ ಮಾತ್ರ ಒಬ್ಬರೇ.

ಇನ್ನೊಂದು ಕತ್ತಲು ಮುಚ್ಚಿದ ಬಾಗಿಲಿನದು. ಖಾಂದಾನಿ ವಿದ್ಯೆ ಮನೆತನದ ಆಸ್ತಿ. ಹೊರಗಿನವನಿಗೆ ಅದರ ತಿರುಳು ಸಿಗುವಂತಿಲ್ಲ. ಸ್ವತಃ ಅಲ್ಲಾವುದ್ದೀನ್ ಖಾನರು ರಾಮ್‌ಪುರದ ವಜೀರ್ ಖಾನರ ಬಾಗಿಲಲ್ಲಿ ವರ್ಷಗಟ್ಟಲೆ ಕಾದವರು. ಕಾದ ನೋವು ಅವರಿಗೆ ನೆನಪಿತ್ತೆಂದು ಕಾಣುತ್ತದೆ. ಮೈಹರ್‌ನಲ್ಲಿ ಅವರು ಅನಾಥ ಮಕ್ಕಳನ್ನು ಸೇರಿಸಿ, ವಾದ್ಯ ಕಲಿಸಿ, ಮೈಹರ್ ಬ್ಯಾಂಡ್ ಕಟ್ಟಿದರು. ಆದರೆ ಅದೇ ಬಾಬಾ ತಮ್ಮ ಕಿರಿಯ ಮಗಳಿಗೆ ಸಂಗೀತ ಕಲಿಸಲು ಹಿಂಜರಿದರು. ಹಿರಿಯ ಮಗಳ ಸಂಗೀತವನ್ನು ಗಂಡನ ಮನೆಯವರು ಸಹಿಸಿರಲಿಲ್ಲ. ಒಂದು ದಿನ ಬಾಬಾ ಹೊರಗೆ ಹೋಗಿದ್ದಾಗ ಅಣ್ಣ ಅಲಿ ಅಕ್ಬರ್ ತಪ್ಪು ನುಡಿಸಿದ. ಆ ಹುಡುಗಿ ಹಾಡಿ ತೋರಿಸಿ ತಿದ್ದಿದಳು. ಹಿಂದಿರುಗಿ ಬಂದ ಬಾಬಾ ಅದನ್ನು ಕೇಳಿಸಿಕೊಂಡರು, ಆಮೇಲೆ ಅವಳಿಗೂ ತಾಲೀಮು ಶುರುವಾಯಿತು ಎಂಬುದು ಪ್ರಸಿದ್ಧ ಕತೆ. ಆಕೆಯೇ 2018ರಲ್ಲಿ ನಮ್ಮನ್ನಗಲಿದ ಅನ್ನಪೂರ್ಣಾ ದೇವಿ. ನಿಖಿಲ್ ಬ್ಯಾನರ್ಜಿ, ಹರಿಪ್ರಸಾದ್ ಚೌರಾಸಿಯಾ ಮುಂತಾದವರಿಗೆ ಗುರುವಾದವರು. ಬಾಬಾ ಅಂದು ಸ್ವಲ್ಪ ತಡವಾಗಿ ಬಂದಿದ್ದರೆ? ನಮ್ಮ ಎಷ್ಟು ಮನೆಗಳಲ್ಲಿ ಅಪ್ಪಂದಿರು ತಡವಾಗಿಯೇ ಬಂದಿರಬೇಡ!

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಪದ್ಧತಿಯೆಂದು ಹೆಮ್ಮೆಪಡಬೇಕಾಗಿಲ್ಲ. ಸಂಯೋಜನೆಯನ್ನು ಪ್ರತ್ಯೇಕ ವಿದ್ಯೆಯಾಗಿಯೇ ಕಲಿಸುವ ಯೂರೋಪಿನಲ್ಲೂ ಇದಕ್ಕೆ ಸಮಾನವಾದದ್ದಿದೆ. ಪ್ಯಾರಿಸ್ಸಿನ ರ‍್ಯೂ ಬಲ್ಲೂ ಎಂಬ ಬೀದಿಯ ಒಂದು ಮನೆಯಲ್ಲಿ ನಾದಿಯಾ ಬುಲಾಂಜೆ (1887-1979) ಎಂಬ ಮಹಿಳೆ ದಶಕಗಳ ಕಾಲ ಸಂಯೋಜಕರನ್ನು ತಯಾರು ಮಾಡಿದರು. ತಾವು ಸಂಯೋಜಿಸುವುದನ್ನು ಆಕೆ ಎಷ್ಟೋ ಮೊದಲೇ ನಿಲ್ಲಿಸಿಬಿಟ್ಟಿದ್ದರು. 1954ರಲ್ಲಿ ಅರ್ಜೆಂಟೀನಾದಿಂದ ಆಸ್ಟೋರ್ ಪಿಯಾಸೊಲ್ಲಾ ಅವರ ಬಳಿಗೆ ಬಂದರು. ತಾವು ಬರೆದ ಗಂಭೀರ ಕೃತಿಗಳನ್ನೆಲ್ಲ ಮುಂದಿಟ್ಟರು. ಬುಲಾಂಜೆ ನೋಡಿದರು: ಇಲ್ಲಿ ಸ್ಟ್ರಾವಿನ್ಸ್ಕಿ ಇದ್ದಾರೆ, ಬಾರ್ಟಾಕ್ ಇದ್ದಾರೆ, ಪಿಯಾಸೊಲ್ಲಾ ಎಲ್ಲಿ? ಪಿಯಾಸೊಲ್ಲಾ ನಾಚಿಕೆಯಿಂದ ಒಪ್ಪಿಕೊಂಡರು: ಊರಿನಲ್ಲಿ ತಾನು ಟ್ಯಾಂಗೋ ನುಡಿಸುವವನು. ಕುಣಿತದ ಮನೆಗಳ ಆ ಸಂಗೀತವನ್ನು ಅವರು ಮುಚ್ಚಿಟ್ಟಿದ್ದರು. ನುಡಿಸಿ ತೋರಿಸು ಎಂದರು ಬುಲಾಂಜೆ. ಕೇಳಿದ ಮೇಲೆ, ಇದೇ ನಿನ್ನದು, ಇದನ್ನು ಬಿಡಬೇಡ ಎಂದರು. ಹೊಸ ಟ್ಯಾಂಗೋ ಹುಟ್ಟಿದ ಕತೆಯನ್ನು ಪಿಯಾಸೊಲ್ಲಾ ಹೀಗೆಯೇ ಹೇಳಿಕೊಂಡಿದ್ದಾರೆ. ಇದಕ್ಕಿಂತ ದೊಡ್ಡ ಇಸ್ಲಾಹ್ ಯಾವುದು?

ಈ ಎರಡು ಕೋಣೆಗಳೂ ಒಬ್ಬ ಮನುಷ್ಯನಲ್ಲಿ ಕೂಡಿಕೊಂಡವು. ಅಮೆರಿಕದ ಫಿಲಿಪ್ ಗ್ಲಾಸ್ 1964ರಿಂದ ಎರಡು ವರ್ಷ ಬುಲಾಂಜೆಯವರ ಶಿಷ್ಯರಾಗಿದ್ದರು. ಪದವಿ ಮುಗಿಸಿ ಬಂದಿದ್ದ ಅವರನ್ನು ಆಕೆ ಮಗುವಿನಂತೆ ಮೊದಲಿನಿಂದ ಕೂರಿಸಿದರು. ಅದೇ ಪ್ಯಾರಿಸ್ಸಿನಲ್ಲಿ ಒಂದು ಚಿತ್ರಕ್ಕಾಗಿ ರವಿಶಂಕರ್ ಮತ್ತು ಉಸ್ತಾದ್ ಅಲ್ಲಾ ರಖಾ ಬಂದಿದ್ದಾಗ, ಅವರ ಸಂಗೀತವನ್ನು ಪಾಶ್ಚಾತ್ಯ ಲಿಪಿಗೆ ಇಳಿಸುವ ಕೆಲಸ ಗ್ಲಾಸ್‌ಗೆ ಬಂತು. ಅವರು ತಾಳವನ್ನು ತಮ್ಮ ರೂಢಿಯಂತೆ ತುಂಡು ತುಂಡಾಗಿಸಿ ಬರೆದರು. ಅಲ್ಲಾ ರಖಾ ಸಾಹೇಬರು ಒಪ್ಪಲಿಲ್ಲ: ಎಲ್ಲ ಸ್ವರಗಳೂ ಸಮಾನ ಎಂದರು. ಗೆರೆಗಳನ್ನು ಅಳಿಸಿದ ಮೇಲೆ ತಾಳದ ಆವರ್ತನ ಗ್ಲಾಸ್‌ಗೆ ಕಾಣಿಸಿತು. ಅವರ ಮುಂದಿನ ಸಂಗೀತದ ಬೇರು ಅಲ್ಲಿದೆ. 1990ರಲ್ಲಿ ಅವರು ರವಿಶಂಕರರ ಜೊತೆ 'ಪ್ಯಾಸೇಜಸ್' ಎಂಬ ಧ್ವನಿಮುದ್ರಿಕೆಯನ್ನೂ ತಂದರು.

ಕನ್ನಡಿಗರಿಗೆ ಇದರ ಸಾಕ್ಷಿಗಾಗಿ ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಎದುರು ಕೂತರು. 1937ರಲ್ಲಿ ಮಂಜೀ ಖಾನ್ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜೀ ಖಾನ್ ಆ ತಾಲೀಮನ್ನು ಮುಂದುವರಿಸಿದರು. ಮನೆತನದ ಅಪರೂಪದ ರಾಗಗಳೆಲ್ಲ ಒಬ್ಬ ಲಿಂಗಾಯತ ಹುಡುಗನ ಕೊರಳಿಗೆ ಇಳಿದವು. ಅದೇ ಕೊರಳು ಶರಣರ ವಚನಗಳಿಗೆ ಸ್ವರ ಹೊಂದಿಸಿ ಹಾಡಿತು. ವಚನವನ್ನು ಉಸ್ತಾದರು ಕಲಿಸಿರಲಿಲ್ಲ. ಆದರೆ ಮಾತಿನ ತೂಕ ನೋಡಿ ಸ್ವರ ಇಡುವ ಹದ ಅವರ ಮನೆಯಿಂದ ಬಂದದ್ದು.

ಹಾಗಾದರೆ ಉಸ್ತಾದರು ಕಲಿಸುವುದು ಏನನ್ನು? ಸಂಯೋಜನೆಯನ್ನಲ್ಲ, ಕೇಳಿಸಿಕೊಳ್ಳುವುದನ್ನು. ನಿನ್ನದು ಯಾವುದು, ಎರವಲು ಯಾವುದು ಎಂದು ಗುರುತಿಸುವುದನ್ನು. ಅದಕ್ಕೆ ಮೊದಲು ಅವರೇ ಶಾಗಿರ್ದನನ್ನು ಕೇಳಿಸಿಕೊಳ್ಳಬೇಕು. ತನ್ನ ನಕಲನ್ನೇ ಬಯಸುವ ಗುರುವಿನ ಕೋಣೆ ಎಷ್ಟು ಖಾಸಗಿಯಾಗಿದ್ದರೂ ಅದು ಕಾರ್ಖಾನೆಯೇ.

ಇಂದು ಕಲಿಯಲು ಬಾಗಿಲುಗಳು ಬೇಕಾದಷ್ಟಿವೆ. ಮೊಬೈಲಿನಲ್ಲಿ ಪಾಠಗಳಿವೆ, ಬ್ಯಾಚುಗಳಿವೆ, ಟಿ.ವಿ. ಸ್ಪರ್ಧೆಗಳಿವೆ. ರಾಗವನ್ನು ಯಾರೂ ಬಚ್ಚಿಡುತ್ತಿಲ್ಲ, ಹೊಡೆಯುವವರೂ ಕಡಿಮೆ. ಇದು ಸಣ್ಣ ಲಾಭವಲ್ಲ. ಆದರೆ ಮಗುವೊಂದು ಯಾರದೋ ಹಾಡನ್ನು ಹಾಡಿದರೆ ಚಪ್ಪಾಳೆ ಸಿಗುತ್ತದೆ. ತನ್ನದೇ ಧಾಟಿಯೊಂದನ್ನು ಗುನುಗಿದರೆ ಕೇಳುವವರಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಸಂಗೀತ ಸಲ್ಲುತ್ತದೋ ಇಲ್ಲವೋ ಎಂಬ ಚರ್ಚೆ ನಡೆಯುತ್ತಲೇ ಇರುತ್ತದೆ. ಆ ಚರ್ಚೆಯ ಗದ್ದಲದಲ್ಲಿ ವಜೀರ್ ಖಾನ್, ಮಂಜೀ ಖಾನ್, ಬುರ್ಜೀ ಖಾನ್ ಎಂಬ ಹೆಸರುಗಳೂ ನಮ್ಮ ಮಕ್ಕಳ ಕಿವಿಗೆ ಬೀಳದೆ ಹೋಗಿವೆ. ಬಾಬಾ ಅಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ನಮ್ಮ ಮನೆಯೊಳಗೆ ಈಗ ಯಾವ ಹುಡುಗಿ ಏನನ್ನು ಗುನುಗುತ್ತಿದ್ದಾಳೋ, ಬಾಗಿಲಲ್ಲಿ ಒಂದು ಕ್ಷಣ ನಿಂತು ಕೇಳಿಸಿಕೊಳ್ಳುವಷ್ಟು ಪುರುಸೊತ್ತಾದರೂ ನಮಗೆ ಇರಲಿ.