ಮೊಬೀಲ್ ನಗರದ ತೀರ್ಪು

ಅಮೆರಿಕದ ಅಲಬಾಮ ಸಂಸ್ಥಾನದ ಮೊಬೀಲ್ ನಗರದಲ್ಲಿ 1911ರಿಂದ ಮೂವರು ಕಮಿಷನರುಗಳ ಆಡಳಿತವಿದ್ದಿತು. ವಾರ್ಡುಗಳಿಲ್ಲ, ಮೂವರನ್ನೂ ಇಡಿಯ ನಗರವೇ ಆರಿಸತಕ್ಕದ್ದು. ಮತವು ವರ್ಣವನ್ನನುಸರಿಸುವಲ್ಲಿ ಇದರ ಫಲವು ಸ್ಪಷ್ಟ. ಜನಸಂಖ್ಯೆಯಲ್ಲಿ ಶೇಕಡಾ 35ರಷ್ಟಿದ್ದ ಕಪ್ಪು ಜನರಲ್ಲಿ ಒಬ್ಬರಾದರೂ, ದಾವೆ ಹೂಡುವವರೆಗೆ, ಆ ಪದವಿಗೆ ಬಂದವರಲ್ಲ.

1980ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಾಧೀಶರ ಪರವಾಗಿ ಸ್ಟೂವರ್ಟರು ಬರೆದ ಅಭಿಪ್ರಾಯವು ಮಾತಿನಲ್ಲಿ ನಿರ್ಮಲವಾದುದು, ತರ್ಕದಲ್ಲಿ ಇಕ್ಕಟ್ಟಾದುದು. ಮತ ಹಾಕಲು ಅಡ್ಡಿಯಿಲ್ಲ. ಮತದ ಬಲ ಕುಂದಿತೆನ್ನುವವರು, ಕುಂದಿಸುವ ಉದ್ದೇಶವಿದ್ದಿತೆಂದು ಸಾಧಿಸಬೇಕು ಎಂಬುದು ಅದರ ಸಾರ. ಗತಿಸಿದ ಶಾಸನಕರ್ತರ ಮನಸ್ಸಿಗೆ ಸಾಕ್ಷಿ ನುಡಿಯುವವರಾರು?

ಮಾರ್ಷಲ್ಲರ ಭಿನ್ನಮತವು ಫಲವನ್ನೇ ಪ್ರಮಾಣವಾಗಿ ಹಿಡಿಯುವುದು. ಅದರಲ್ಲಿ ಬಿಸಿಯುಂಟು, ಆ ಬಿಸಿ ನ್ಯಾಯವಾದುದೇ. ಆದರೆ ಹೆಚ್ಚು ವಿಚಾರಾರ್ಹವಾದುದು ವೈಟರ ಭಿನ್ನಮತ. ಉದ್ದೇಶ ಬೇಕೆಂಬುದನ್ನು ಅವರು ಒಪ್ಪುವರು. ಅದನ್ನು ಸಂದರ್ಭಗಳ ಸಮೂಹದಿಂದಲೇ ಊಹಿಸಬಹುದೆನ್ನುವರು. ಕವಿಯ ಆಶಯವನ್ನು ಕೃತಿಯಿಂದಲೇ ತಿಳಿಯಬೇಕಾದ ನಮಗೆ ಈ ಕ್ರಮ ಹೊಸತಲ್ಲ. 1982ರಲ್ಲಿ ಜಾರ್ಜಿಯದ ಬರ್ಕ್ ಕೌಂಟಿಯ ವ್ಯಾಜ್ಯದಲ್ಲಿ ಇದೇ ಕ್ರಮವನ್ನು ಹಿಡಿದು ಬಹುಮತದ ತೀರ್ಪನ್ನು ಬರೆದವರೂ ವೈಟರೇ. ಅದೇ ವರ್ಷ ಕಾಂಗ್ರೆಸ್ಸು ಮತದಾನದ ಹಕ್ಕುಗಳ ಕಾಯಿದೆಯನ್ನು ತಿದ್ದಿ, ಫಲವನ್ನು ತೋರಿಸಿದರೆ ಸಾಕೆಂದು ವಿಧಿಸಿತು. ಜನಸಂಖ್ಯೆಯ ಪ್ರಮಾಣಕ್ಕೆ ಸರಿಯಾಗಿ ಸ್ಥಾನ ಪಡೆಯುವ ಹಕ್ಕು ಇದರಿಂದ ಹುಟ್ಟದೆಂದೂ ಸೇರಿಸಿತು.