ಬೀಜದೆಣ್ಣೆಯ ಸಾಕ್ಷ್ಯ ಮತ್ತು ಹುರುಳಿಯ ಕುಲವಿಚಾರ

ದ್ವಿದಳಧಾನ್ಯ ವರ್ಗದ ಕಾಡುಗಿಡಗಳ ದಾಯಾದಿತನವನ್ನು ಬೀಜದೆಣ್ಣೆಯ ಮೇದಾಮ್ಲಗಳ, ಎಂದರೆ ಕೊಬ್ಬಿನಾಮ್ಲಗಳ, ಪ್ರಮಾಣದಿಂದ ನಿರ್ಣಯಿಸುವ ಪದ್ಧತಿಯು ಇತಿಹಾಸಕಾರನಿಗೂ ಸಂಬಂಧಿಸಿದುದಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಹುರುಳಿಯು ಬಳ್ಳಾರಿ ಸೀಮೆಯ ನವಶಿಲಾಯುಗದ ನೆಲೆಗಳಾದ ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ಸುಟ್ಟು ಕರಿದಾದ ಕಾಳಾಗಿ ದೊರೆತಿದೆ. ಅದನ್ನು ಪಳಗಿಸಿದವರು ಈ ನೆಲದವರೇ ಎಂಬ ಪ್ರಶ್ನೆಗೆ ಅದರ ಕಾಡು ಬಂಧುಗಳನ್ನು ಗುರುತಿಸದೆ ಉತ್ತರವಿಲ್ಲ.

ವರ್ಗೀಕರಣವಾದರೋ ಸ್ಥಿರವಾದುದಲ್ಲ. ಹಳೆಯ ವರದಿಗಳಲ್ಲಿ ‘ಡಾಲಿಕಾಸ್’ ಎನಿಸಿದ್ದ ಹುರುಳಿಯನ್ನು 1970ರಲ್ಲಿ ವರ್ಡ್‌ಕೋರ್ಟ್ ಅವರು ‘ಮ್ಯಾಕ್ರೊಟೈಲೋಮ’ ಕುಲಕ್ಕೆ ಸೇರಿಸಿದರು. (ಹರಪನಹಳ್ಳಿಯೂ ಬಳ್ಳಾರಿ, ದಾವಣಗೆರೆ, ಮರಳಿ ಬಳ್ಳಾರಿ, 2021ರಿಂದ ವಿಜಯನಗರ ಎಂದು ಜಿಲ್ಲೆಯನ್ನು ಬದಲಿಸಿದೆ, ಮಣ್ಣು ಅದೇ.) ಆ ನಿರ್ಣಯಕ್ಕೆ ಆಧಾರವಾದುವು ಹೂವಿನ ಶಲಾಕೆ, ಪರಾಗ ಮೊದಲಾದುವು; ಎಣ್ಣೆಯಲ್ಲ.

ಮೇದಾಮ್ಲಗಳ ಸಾಕ್ಷ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಾಲ್ಮಿಟಿಕ್, ಓಲಿಯಿಕ್, ಲಿನೋಲಿಯಿಕ್ ಆಮ್ಲಗಳು ಬಹುತೇಕ ಎಲ್ಲ ದ್ವಿದಳಧಾನ್ಯಗಳಲ್ಲಿಯೂ ಉಂಟು, ಭೇದವೆಲ್ಲ ಪ್ರಮಾಣದಲ್ಲಿ. ಆ ಪ್ರಮಾಣವೂ ಕಾಳು ಬಲಿಯುವಾಗಿನ ಉಷ್ಣತೆಯೊಡನೆ ಬದಲಾಗುತ್ತದೆ. ತಂಪಿನಲ್ಲಿ ಅಪರ್ಯಾಪ್ತ ಆಮ್ಲಗಳು ಹೆಚ್ಚುವುದು ಸಾಮಾನ್ಯ. ಕೂಡ್ಲಿಗಿಯ ಒಣ ಕುರುಚಲಿನ ಬೀಜವನ್ನೂ ಹಡಗಲಿಯ ತುಂಗಭದ್ರಾ ದಂಡೆಯ ಬೀಜವನ್ನೂ ಹೋಲಿಸಿದಾಗ ಕಾಣುವ ಅಂತರ ವಂಶದ್ದೋ, ಹವೆಯದ್ದೋ? ಒಂದೇ ಹೊಲದಲ್ಲಿ, ಒಂದೇ ಋತುವಿನಲ್ಲಿ ಬೆಳೆಸಿ ಪರೀಕ್ಷಿಸದೆ ಹೇಳಲಾಗದು. ಒಂದೇ ಅಕ್ಷರದ ರೂಪದಿಂದ ಶಾಸನದ ಕಾಲವನ್ನು ಗೊತ್ತುಮಾಡುವವರನ್ನು ನಾವು ಒಪ್ಪುವೆವೇ?

ಸುಟ್ಟ ಕಾಳಿನಲ್ಲಂತೂ ಎಣ್ಣೆಯ ಮೂಲ ಪ್ರಮಾಣ ಉಳಿದಿರುವುದಿಲ್ಲ. ತೆಕ್ಕಲಕೋಟೆಯ ಹುರುಳಿಯ ವಿಷಯದಲ್ಲಿ ಆಕಾರ, ಅಳತೆ, ಸಿಪ್ಪೆಗಳೇ ಸಾಕ್ಷಿ. ಪಳಗಿದ ಹುರುಳಿಯ ಸಿಪ್ಪೆ ಕಾಲಕ್ರಮದಲ್ಲಿ ತೆಳುವಾದುದನ್ನು ಮರ್ಫಿ ಮತ್ತು ಫುಲ್ಲರ್ ಅವರು 2017ರಲ್ಲಿ ಪ್ರಾಚೀನ ಕಾಳುಗಳನ್ನು ಕ್ಷ-ಕಿರಣದಿಂದ ಅಳೆದು ತೋರಿಸಿದ್ದಾರೆ.