ಥೇಮ್ಸ್ ತೀರದ ಉಗ್ರಾಣಗಳು: ಒಂದು ಪರಾಮರ್ಶೆ

ಪ್ರಾಚೀನವಾದ ಕಟ್ಟಡವನ್ನು ಉಳಿಸುವುದೆಂದರೆ ಅದರ ಯಾವ ಅಂಶವನ್ನು ಉಳಿಸುವುದು? ನಮ್ಮ ಶಿಲ್ಪಶಾಸ್ತ್ರಕಾರರು ಜೀರ್ಣೋದ್ಧಾರವನ್ನು ಪುಣ್ಯಕಾರ್ಯವೆಂದು ಹೊಗಳಿರುವರು. ಆದರೆ ಅವರ ದೃಷ್ಟಿಯಲ್ಲಿದ್ದುದು ದೇವಾಲಯ. ಗೋಡೆ ಹೊಸದಾದರೂ ಅಲ್ಲಿ ನಡೆಯತಕ್ಕುದು ಹಿಂದಿನ ಪೂಜೆಯೇ. ವೃತ್ತಿಯೇ ಬದಲಾದ ಕಟ್ಟಡಕ್ಕೆ ಆ ಶಬ್ದವು ಸಲ್ಲುವುದೋ ಇಲ್ಲವೋ ಎಂಬುದನ್ನು ವಿಚಾರಿಸಲು ಲಂಡನ್ ಪಟ್ಟಣದ ನದೀತೀರದ ಉಗ್ರಾಣಗಳು ತಕ್ಕ ಉದಾಹರಣೆಯಾಗಿವೆ.

ಟವರ್ ಸೇತುವೆಯ ಪೂರ್ವಕ್ಕೆ, ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಷ್ಯಾಡ್ ಥೇಮ್ಸ್ ಎಂಬ ಇಕ್ಕಟ್ಟಾದ ಬೀದಿಯಿದೆ. ಅಲ್ಲಿಯ ಬಟ್ಲರ್ಸ್ ವಾರ್ಫ್ ಎಂಬ ಧಕ್ಕೆಯ ಉಗ್ರಾಣಗಳು 1871–73ರಲ್ಲಿ ನಿರ್ಮಿತವಾದವು. ಚಹ, ಕಾಫಿ, ಧಾನ್ಯ, ಸಂಬಾರ ಪದಾರ್ಥಗಳು ಈ ಪ್ರದೇಶದಲ್ಲಿ ಶೇಖರವಾಗುತ್ತಿದ್ದವು. ಬೀದಿಯ ಮೇಲೆ ಅಡ್ಡಲಾಗಿ ಹಾದ ಕಾಲುಸೇತುವೆಗಳ ಮೂಲಕ ಸರಕು ಒಂದು ಕಟ್ಟಡದಿಂದ ಮತ್ತೊಂದಕ್ಕೆ ಸಾಗುತ್ತಿತ್ತು. ಮುಂದೆ ಕಂಟೇನರುಗಳೆಂಬ ದೊಡ್ಡ ಲೋಹದ ಪೆಟ್ಟಿಗೆಗಳಲ್ಲಿ ಸರಕು ಬರತೊಡಗಿ, ಹಡಗುಗಳು ಸಮುದ್ರಕ್ಕೆ ಸಮೀಪವಾದ ಟಿಲ್ಬರಿಯಂತಹ ಬಂದರುಗಳಲ್ಲಿಯೇ ನಿಂತುದರಿಂದ ಈ ಧಕ್ಕೆಗಳಿಗೆ ಕೆಲಸ ತಪ್ಪಿತು. 1972ರಲ್ಲಿ ಬಟ್ಲರ್ಸ್ ವಾರ್ಫ್ ಮುಚ್ಚಿತು. 1980ರ ದಶಕದಲ್ಲಿ ಟೆರೆನ್ಸ್ ಕಾನ್ರನ್ ಮೊದಲಾದವರ ಪ್ರಯತ್ನದಿಂದ ಅದು ಫ್ಲಾಟುಗಳಾಗಿಯೂ ಉಪಾಹಾರಗೃಹಗಳಾಗಿಯೂ ಪರಿವರ್ತಿತವಾಯಿತು. ಎದುರುದಡದ ವಾಪಿಂಗಿನಲ್ಲಿ 1870ರ ಆಲಿವರ್ಸ್ ವಾರ್ಫು ಇದಕ್ಕೂ ಮೊದಲೇ, 1970ರ ದಶಕದ ಆದಿಯಲ್ಲಿ, ಮನೆಗಳಾಗಿತ್ತು.

ಕಟ್ಟಡಕ್ಕೆ ರೂಪ, ನಾಮ, ವೃತ್ತಿ ಎಂದು ಮೂರು ಅಂಶಗಳನ್ನು ಎಣಿಸಬಹುದು. ವೃತ್ತಿಯು ಹೋದುದಕ್ಕೆ ಜೀರ್ಣೋದ್ಧಾರಕರು ಹೊಣೆಗಾರರಲ್ಲ. ಹಡಗುಗಳನ್ನು ಅವರು ಹಿಂದಕ್ಕೆ ಕರೆತರಲಾರರು. ರೂಪದ ವಿಷಯದಲ್ಲಿ ಅವರು ಪ್ರಶಂಸಾರ್ಹರು. ಇಟ್ಟಿಗೆಯ ಗೋಡೆಗಳೂ ಕಾಲುಸೇತುವೆಗಳೂ ಉಳಿದಿವೆ. ಬೀದಿಯ ಇಕ್ಕಟ್ಟನ್ನೂ ಕೆಡಿಸಿಲ್ಲ.

ನಾಮದ ವಿಷಯದಲ್ಲಿಯಾದರೋ ನಮ್ಮ ಆಕ್ಷೇಪವಿದೆ. ಸಮೀಪದ ನ್ಯೂ ಕಾಂಕಾರ್ಡಿಯಾ ವಾರ್ಫ್ 1885ರ ಧಾನ್ಯದ ಉಗ್ರಾಣ. ಧಾನ್ಯವು ಬರುತ್ತಿದ್ದ ಅಮೆರಿಕದ ಊರಿನ ಹೆಸರು ಅದರಲ್ಲಿದೆ. ಇದು ಅನ್ವರ್ಥನಾಮ. ಅದೇ ಪ್ರದೇಶದಲ್ಲಿ ಏಲಕ್ಕಿ, ಲವಂಗ, ದಾಲ್ಚಿನ್ನಿಗಳ ಹೆಸರನ್ನು ಹೊತ್ತ ಕಟ್ಟಡಗಳೂ ಇವೆ. ಏಲಕ್ಕಿಯ ನಾಡಿನವರಾದ ನಮಗೆ ಅವು ಕಿವಿಗೆ ಇಂಪೇ ಸರಿ. ಆದರೆ ಆ ಹೆಸರು ಯಾರು ಬೆಳೆದರು, ಯಾರು ಹೊತ್ತರು ಎಂಬುದೊಂದನ್ನೂ ತಿಳಿಸದು. ಯೌಗಿಕವಾಗಿರಬೇಕಾದ ಪದವು ಬರಿಯ ರೂಢಿಯಾಗಿ, ಮನೆ ಮಾರುವವನ ಅಲಂಕಾರವಾಗಿ ಪರಿಣಮಿಸಿದೆ. ಗಂಟೆಗೆ ಆರು ಪೆನ್ನಿಯ ಕೂಲಿಗಾಗಿ 1889ರಲ್ಲಿ ಲಂಡನ್ನಿನ ಬಂದರು ಕೂಲಿಗಳು ಮುಷ್ಕರ ಹೂಡಿ ಗೆದ್ದರು. ಅಂಥವರು ಹೊರೆ ಹೊತ್ತ ನೆಲದಲ್ಲಿ ಸರಕಿಗೆ ಹೆಸರು ದೊರೆತು ಹೊತ್ತವನಿಗೆ ದೊರೆಯದಿರುವುದು ನ್ಯಾಯವೆನಿಸದು.

ಕೆಡವಿ ಹಾಕುವುದಕ್ಕಿಂತ ಇದು ಮೇಲಲ್ಲವೇ ಎಂದು ಪೂರ್ವಪಕ್ಷಿಯು ಕೇಳಬಹುದು. ಮೇಲೆಂಬುದು ನಿಸ್ಸಂಶಯ. ಜನವಸತಿಯಿಲ್ಲದ ಕಟ್ಟಡವು ಮಳೆಗೂ ಬೆಂಕಿಗೂ ತುತ್ತಾಗುವುದು. ವಾಸವೇ ಅದಕ್ಕೆ ರಕ್ಷೆ. ಆದರೆ ಗೋಡೆ ನಿಂತಿತೆಂದು ಚರಿತ್ರೆಯೂ ನಿಂತಿತೆಂದು ಭ್ರಮಿಸಕೂಡದು. ವೃತ್ತಿಯು ಲೋಪವಾದಾಗ ಅದರ ಸ್ಮರಣೆಯ ಭಾರವೆಲ್ಲ ನಾಮದ ಮೇಲೆ ಬೀಳುವುದು. ಆದುದರಿಂದ ಇಂತಹ ಪ್ರತಿಯೊಂದು ಕಟ್ಟಡದ ಬಾಗಿಲಲ್ಲಿಯೂ ಇಲ್ಲಿ ಯಾವ ಸರಕಿತ್ತು, ಎಲ್ಲಿಂದ ಬಂದಿತು, ಎಂಥವರು ಹೊತ್ತರು ಎಂಬುದನ್ನು ತಿಳಿಸುವ ಶಾಸನವೊಂದನ್ನು ನಿಲ್ಲಿಸುವುದು ಅವಶ್ಯ. ನಮ್ಮ ಪೂರ್ವಿಕರು ಕೆರೆಗೂ ತೂಬಿಗೂ ಶಾಸನ ಹಾಕಿದುದು ಇದೇ ಉದ್ದೇಶದಿಂದ. ಅಷ್ಟಾದರೆ ಮಾತ್ರ ಈ ಕಾರ್ಯಕ್ಕೆ ಜೀರ್ಣೋದ್ಧಾರವೆಂಬ ಹೆಸರು ಸಲ್ಲುವುದು. ಅಲ್ಲಿಯವರೆಗೆ ಇದನ್ನು ಸದುಪಯೋಗವೆಂದು ಕರೆದರೆ ಸಾಕು.